ಥೊರೊಂಗ್ ಲಾ ದಾಟುವ ದಿನ: ಗೈಡ್‌ಗೆ ಐದು ಸ್ಟಾರ್, ಆಫೀಸಿಗೆ ಎರಡು

ನೇಪಾಳದ ಅನ್ನಪೂರ್ಣ ಬೆಟ್ಟಸಾಲನ್ನು ಸುತ್ತುವ ಅನ್ನಪೂರ್ಣ ಸರ್ಕ್ಯೂಟ್ ಟ್ರೆಕ್‌ಗೆ ಗೈಡ್ ಮತ್ತು ಪೋರ್ಟರ್ ಕಳಿಸಿಕೊಡುವ ಪೋಖರಾದ ಒಂದು ಸಣ್ಣ ಏಜೆನ್ಸಿಯ ರಿವ್ಯೂ ಇದು. ಹೆಸರು ಹಾಕುತ್ತಿಲ್ಲ. ದಾರಿಯಲ್ಲಿ ಸಿಕ್ಕ ಬೇರೆ ಗುಂಪಿನವರೂ ತಮ್ಮ ತಮ್ಮ ಆಫೀಸಿನ ಬಗ್ಗೆ ಹೆಚ್ಚುಕಮ್ಮಿ ಇದೇ ದೂರು ಹೇಳುತ್ತಿದ್ದರು, ಹಾಗಾಗಿ ಒಬ್ಬರ ಹೆಸರು ಹಿಡಿದು ಬೈಯುವುದರಲ್ಲಿ ಅರ್ಥ ಇಲ್ಲ. ಇಡೀ ಟ್ರೆಕ್ ಬಗ್ಗೆ ಬರೆಯಲು ಹೋದರೆ ಮುಗಿಯುವುದಿಲ್ಲ. ಒಂದೇ ದಿನದ ಬಗ್ಗೆ ಬರೆಯುತ್ತೇನೆ. ಬೆಟ್ಟದ ಬುಡದ ಥೊರೊಂಗ್ ಫೇದಿಯಿಂದ ಹೊರಟು, ಥೊರೊಂಗ್ ಲಾ ಅನ್ನುವ ಬೆಟ್ಟ ದಾಟುವ ಕಣಿವೆದಾರಿಯ ನೆತ್ತಿ ಹತ್ತಿ, ಆಚೆ ಮುಕ್ತಿನಾಥಕ್ಕೆ ಇಳಿಯುವ ದಿನ. ಉಳಿದ ದಿನಗಳಲ್ಲಿ ಗೈಡ್ ಇದ್ದರೂ ನಡೆಯುತ್ತೆ, ಇಲ್ಲದಿದ್ದರೂ ನಡೆಯುತ್ತೆ. ದಾರಿ ಸ್ಪಷ್ಟವಾಗಿದೆ, ಸ್ವಲ್ಪ ಸ್ವಲ್ಪ ದೂರಕ್ಕೆ ಲಾಡ್ಜ್ ಸಿಗುತ್ತದೆ, ಮನಾಂಗ್‌ವರೆಗೆ ಈಗ ಜೀಪೇ ಹೋಗುತ್ತದೆ. ಕೊಟ್ಟ ದುಡ್ಡಿಗೆ ಏನು ಸಿಕ್ಕಿತು, ಏನು ಸಿಗಲಿಲ್ಲ ಅಂತ ಗೊತ್ತಾಗುವುದು ಈ ಒಂದು ದಿನ.

ಮೊದಲು ದುಡ್ಡಿನ ವಿಷಯ ಮುಗಿಸಿಬಿಡೋಣ. ಹೋದವರು ನಾನು ಮತ್ತು ನನ್ನ ಭಾಮೈದ, ದೀಪಾವಳಿ ಮುಗಿಸಿಕೊಂಡು ನವೆಂಬರ್‌ನಲ್ಲಿ. ಗೈಡ್‌ಗೆ ದಿನಕ್ಕೆ 4,000 ನೇಪಾಳಿ ರೂಪಾಯಿ, ಪೋರ್ಟರ್‌ಗೆ 3,000. ನಮ್ಮ ನೂರು ಅಂದರೆ ಅವರ ನೂರಾ ಅರವತ್ತು, ಅಂದರೆ ಇಬ್ಬರಿಗೂ ಸೇರಿ ದಿನಕ್ಕೆ ನಮ್ಮ 4,375 ರೂಪಾಯಿ. ನಮಗೆ ವೀಸಾ ಬೇಡ. ಅನ್ನಪೂರ್ಣ ಸಂರಕ್ಷಣಾ ಪ್ರದೇಶದ ಪರ್ಮಿಟ್ ಸಾರ್ಕ್ ದೇಶದವರಿಗೆ 1,000 ನೇಪಾಳಿ ರೂಪಾಯಿ, ಬೇರೆ ವಿದೇಶಿಯರಿಗೆ 3,000. ಗೈಡ್ ಬೇಡ ಅಂತ ದುಡ್ಡು ಉಳಿಸುವ ಯೋಚನೆ ಇದ್ದರೆ, 2023ರ ಏಪ್ರಿಲ್‌ನಿಂದ ವಿದೇಶಿ ಟ್ರೆಕ್ಕರ್‌ಗಳಿಗೆ ಲೈಸೆನ್ಸ್ ಇರುವ ಗೈಡ್ ಕಡ್ಡಾಯ ಅಂತ ನೇಪಾಳ ನಿಯಮ ಮಾಡಿದೆ. ಹಾಗಾಗಿ ಗೈಡ್ ಬೇಕಾ ಅನ್ನುವ ಚರ್ಚೆಗಿಂತ ಎಂಥ ಗೈಡ್ ಬೇಕು ಅನ್ನುವ ಚರ್ಚೆ ಮಾಡುವುದು ಒಳ್ಳೆಯದು.

ಇನ್ನು ಎತ್ತರ. ಕರ್ನಾಟಕದ ಅತಿ ಎತ್ತರದ ಜಾಗ ಮುಳ್ಳಯ್ಯನಗಿರಿ 1,930 ಮೀಟರ್. ಥೊರೊಂಗ್ ಲಾ 5,416. ಕುಮಾರ ಪರ್ವತ ಹತ್ತಿದ್ದೇವೆ, ಭಟ್ಟರ ಮನೆಯಲ್ಲಿ ಊಟ ಮಾಡಿ ಸಾಯಂಕಾಲಕ್ಕೆ ಕುಕ್ಕೆಗೆ ಇಳಿದಿದ್ದೇವೆ ಅನ್ನುವ ಜಂಬ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಕುಮಾರ ಪರ್ವತ ಕಾಲನ್ನು ಕೇಳುತ್ತದೆ, ಇದು ಉಸಿರನ್ನೇ ಕೇಳುತ್ತದೆ. ಆ ಎತ್ತರದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರ ಮಟ್ಟದಲ್ಲಿ ಸಿಗುವುದರ ಅರ್ಧದಷ್ಟು. ತಮಾಷೆ ಅಂದರೆ ಇದಕ್ಕೂ ಫಿಟ್‌ನೆಸ್‌ಗೂ ಅಷ್ಟು ಸಂಬಂಧ ಇಲ್ಲ. ನನ್ನ ಭಾಮೈದ ಕಬ್ಬನ್ ಪಾರ್ಕಿನಲ್ಲಿ ದಿನಾ ಓಡುವವನು. ನಾನು ಕುರ್ಚಿ ಬಿಟ್ಟು ಏಳದ ಕೆಲಸದವನು, ಹೊಟ್ಟೆಯೂ ಇದೆ. ತಲೆನೋವು ಬಂದಿದ್ದು ಅವನಿಗೆ. ಗಟ್ಟಿ ಇರುವವರು ಬೇಗ ಬೇಗ ಹತ್ತಿಬಿಡುತ್ತಾರೆ, ಮೈ ಹೊಂದಿಕೊಳ್ಳಲು ಸಮಯ ಕೊಡುವುದಿಲ್ಲ, ಅಂಥವರಿಗೇ ಜಾಸ್ತಿ ತೊಂದರೆ ನೋಡಿದ್ದೇನೆ ಅಂತ ನಮ್ಮ ಗೈಡ್ ಆಮೇಲೆ ಹೇಳಿದ.

ಆಫೀಸಿನ ಮೇಲೆ ನನ್ನ ಮೊದಲ ದೂರು ಇಲ್ಲೇ ಶುರುವಾಗುತ್ತದೆ. ಅವರು ಪ್ರಿಂಟ್ ಹಾಕಿ ಕೊಟ್ಟ ಪ್ಲಾನ್‌ನಲ್ಲಿ ಮನಾಂಗ್‌ನಲ್ಲಿ ಒಂದು ದಿನ ವಿಶ್ರಾಂತಿ, ಮರುದಿನ ಯಾಕ್ ಖರ್ಕಾ, ಅದರ ಮರುದಿನ ಫೇದಿ ದಾಟಿ ನೇರ ಹೈ ಕ್ಯಾಂಪ್. ಯಾಕ್ ಖರ್ಕಾ 4,050 ಮೀಟರ್ ಆಸುಪಾಸು. ಹೈ ಕ್ಯಾಂಪ್ 4,850 ದಾಟುತ್ತದೆ. ಒಂದೇ ರಾತ್ರಿಗೆ 800 ಮೀಟರ್ ಜಿಗಿತ! 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಬಾರದು ಅಂತ ವೈದ್ಯರು ಹೇಳುತ್ತಾರೆ. ಇದು ಗುಟ್ಟಿನ ವಿಷಯವೇನಲ್ಲ, ಮನಾಂಗ್‌ನಲ್ಲಿ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್ ಅವರ ಆಸ್ಪತ್ರೆ ಇದೆ, ಸೀಸನ್‌ನಲ್ಲಿ ಮಧ್ಯಾಹ್ನ ಅಲ್ಲಿನ ಡಾಕ್ಟರು ಇದನ್ನೇ ಕೂರಿಸಿ ವಿವರಿಸುತ್ತಾರೆ. ಪ್ಲಾನ್‌ನಲ್ಲಿ ಅದರ ಸುದ್ದಿಯೇ ಇರಲಿಲ್ಲ. ನಮ್ಮನ್ನು ಕರೆದುಕೊಂಡು ಹೋಗಿದ್ದು ಗೈಡ್. ನಾವು ಗಂಗಾಪೂರ್ಣ ಕೆರೆ ನೋಡಿ ಬಂದು ಆಪಲ್ ಪೈ ತಿನ್ನುವ ಯೋಚನೆಯಲ್ಲಿದ್ದರೆ, ಇಲ್ಲ ಸರ್, ಮೊದಲು ಇದು ಅಂತ ಎಬ್ಬಿಸಿಕೊಂಡು ಹೋದ.

ಲೇದರ್ ಅನ್ನುವ ಜಾಗದಿಂದ ಫೇದಿಗೆ ಹೋಗುವಾಗ ಒಂದು ಕಡೆ ಮೇಲಿನಿಂದ ಕಲ್ಲು ಉರುಳುವ ಜಾಗ ಸಿಗುತ್ತದೆ, ಅಲ್ಲಿ ಫೋಟೋ ತೆಗೆಯುತ್ತಾ ನಿಲ್ಲಬಾರದು, ಅಷ್ಟೇ. ಫೇದಿಗೆ ಮಧ್ಯಾಹ್ನವೇ ಮುಟ್ಟಿದೆವು. ಭಾಮೈದ ಊಟ ಬೇಡ ಅಂದ. ಗೈಡ್ ಅವನ ಮುಖ ನೋಡಿ, ಬೆರಳಿಗೆ ಪಲ್ಸ್ ಆಕ್ಸಿಮೀಟರ್ ಹಾಕಿ, ಎರಡು ಪ್ರಶ್ನೆ ಕೇಳಿ, ಇವತ್ತು ಇಲ್ಲೇ ಮಲಗೋಣ ಅಂತ ಬ್ಯಾಗ್ ಇಳಿಸಿಸಿದ. ಸ್ವಲ್ಪ ಹೊತ್ತಿಗೆ ಆಫೀಸಿನಿಂದ ಫೋನ್. ಹೈ ಕ್ಯಾಂಪ್‌ನಲ್ಲಿ ರೂಮ್ ಹೇಳಿದ್ದೇವೆ, ಕೆಳಗೆ ಯಾಕೆ ನಿಂತಿರಿ ಅಂತ. ಗೈಡ್ ನೇಪಾಳಿಯಲ್ಲಿ ಏನೋ ಹೇಳಿದ, ದನಿ ಏರಿಸಲಿಲ್ಲ, ಇಟ್ಟುಬಿಟ್ಟ. ಆಮೇಲೆ ನಮಗೆ ಹಿಂದಿಯಲ್ಲಿ ಹೇಳಿದ್ದು ಇಷ್ಟೇ: ರೂಮ್ ಅವರು ಬುಕ್ ಮಾಡುತ್ತಾರೆ, ತಲೆನೋವು ಬುಕ್ ಮಾಡುವುದಿಲ್ಲ. ಆ ಒಂದು ಮಾತಿಗೆ ದಿನಕ್ಕೆ 4,000 ಕೊಡಬಹುದು ಅಂತ ನನಗೆ ಆವತ್ತೇ ಅನಿಸಿತು.

ಹೀಗೆ ಮಾಡಿದ್ದರಿಂದ ಮರುದಿನದ ಕೆಲಸ ಹೆಚ್ಚಾಯಿತು ಅನ್ನುವುದೂ ನಿಜ. ಫೇದಿ 4,450ರ ಹತ್ತಿರ. ಅಲ್ಲಿಂದ ಸುಮಾರು 950 ಮೀಟರ್ ಹತ್ತಬೇಕು, ಆಮೇಲೆ 1,600 ಮೀಟರ್‌ಗಿಂತ ಜಾಸ್ತಿ ಇಳಿಯಬೇಕು, ಎಲ್ಲಾ ಒಂದೇ ದಿನ. ಮಧ್ಯದಲ್ಲಿ ಸಾಕು ಅಂತ ಉಳಿಯಲು ಆಚೆ ಕಡೆ ಬಹಳ ಕೆಳಗಿನವರೆಗೆ ಏನೂ ಇಲ್ಲ. ಈ ಸರ್ಕ್ಯೂಟನ್ನು ಹೆಚ್ಚಿನವರು ಮನಾಂಗ್ ಕಡೆಯಿಂದಲೇ ಹತ್ತುವುದಕ್ಕೆ ಕಾರಣವೂ ಇದೇ. ಮುಕ್ತಿನಾಥದ ಕಡೆಯಿಂದ ಬಂದರೆ ಆ 1,600 ಮೀಟರನ್ನು ಒಂದೇ ಉಸಿರಿಗೆ ಹತ್ತಬೇಕಾಗುತ್ತದೆ.

ರಾತ್ರಿ ಊಟದ ಬಗ್ಗೆ ಒಂದೆರಡು ಮಾತು. ಫೇದಿಯಲ್ಲಿ ದಾಲ್ ಭಾತ್ ಸಾವಿರ ನೇಪಾಳಿ ರೂಪಾಯಿ ಹತ್ತಿರ. ಕೇಳಿದರೆ ಎದೆ ಧಸಕ್ ಅನ್ನುತ್ತೆ, ಆದರೆ ಅಕ್ಕಿಯಿಂದ ಹಿಡಿದು ಗ್ಯಾಸ್‌ವರೆಗೆ ಎಲ್ಲಾ ಹೇಸರಗತ್ತೆ ಮೇಲೇ ಬರಬೇಕು, ಮತ್ತೆ ಅನ್ನ, ಬೇಳೆ, ಪಲ್ಯ ಎರಡನೇ ಸಲ ಕೇಳಿದರೂ ಬಡಿಸುತ್ತಾರೆ. ಪಿಜ್ಜಾ ತಗೊಂಡರೆ ಅಷ್ಟೇ ದುಡ್ಡು, ಒಂದೇ ಸಲ. ರೂಮ್ ಬಾಡಿಗೆ ಕಡಿಮೆ, ಯಾಕಂದರೆ ಅಲ್ಲಿ ಉಳಿದವರು ಅಲ್ಲೇ ತಿನ್ನಬೇಕು ಅನ್ನುವುದು ಎಲ್ಲಾ ಕಡೆ ಇರುವ ಪದ್ಧತಿ. ಬೆಳ್ಳುಳ್ಳಿ ಸೂಪ್ ಎತ್ತರಕ್ಕೆ ಮದ್ದು ಅಂತ ಎಲ್ಲರೂ ಕುಡಿಯುತ್ತಾರೆ, ಮದ್ದೋ ಅಲ್ಲವೋ, ಬಿಸಿ ನೀರು ಹೊಟ್ಟೆಗೆ ಹೋಗುತ್ತೆ ಅಂತ ನಾವೂ ಕುಡಿದೆವು. ನನಗೆ ಹಿಡಿಸಿದ್ದು ತ್ಸಂಪಾ. ಹುರಿದ ಜವೆಗೋಧಿ ಹಿಟ್ಟು. ಬಿಸಿ ಹಾಲಿಗೆ ಕಲಸಿ ಕೊಟ್ಟರು, ನಮ್ಮಜ್ಜಿ ಮಾಡುತ್ತಿದ್ದ ಹುರಿಹಿಟ್ಟಿನ ರುಚಿಗೆ ಹತ್ತಿರ ಇತ್ತು, ಬೆಲ್ಲ ಒಂದು ಇದ್ದಿದ್ದರೆ ಸಾಕಿತ್ತು.

ಬೆಳಗಿನ ಜಾವ ನಾಲ್ಕಕ್ಕೆ ಮೊದಲೇ ಹೊರಟೆವು. ಯಾಕೆ ಇಷ್ಟು ಬೇಗ ಅಂತ ಕೆಲವರು ಗೊಣಗುತ್ತಾರೆ. ಹೊತ್ತು ಏರಿದ ಹಾಗೆ, ಹತ್ತು ಗಂಟೆ ಸುಮಾರಿಗೆ, ಮೇಲೆ ಗಾಳಿ ಎದ್ದುಬಿಡುತ್ತದೆ, ಅಷ್ಟರೊಳಗೆ ದಾಟಿರಬೇಕು. ನೀರಿನ ಪೈಪ್ ಇರುವ ಬ್ಯಾಗ್ ತಂದವರ ಪೈಪು ಹೆಪ್ಪುಗಟ್ಟಿತ್ತು. ಬಾಟಲಿಯನ್ನು ತಲೆಕೆಳಗಾಗಿ ಇಟ್ಟುಕೊಳ್ಳಿ ಅಂತ ಗೈಡ್ ಹಿಂದಿನ ರಾತ್ರಿಯೇ ಹೇಳಿದ್ದ. ಮಂಜುಗಡ್ಡೆ ಮೇಲಿನಿಂದ ಕಟ್ಟುತ್ತೆ, ತಲೆಕೆಳಗಾಗಿಟ್ಟರೆ ಬಾಯಿ ಕಡೆ ನೀರು ಉಳಿಯುತ್ತೆ. ಫೋನನ್ನು ಜಾಕೆಟ್ ಒಳಗೆ ಮೈಗೆ ಹತ್ತಿರ ಇಡಿಸಿದ, ಇಲ್ಲದಿದ್ದರೆ ಚಳಿಗೆ ಬ್ಯಾಟರಿ ಸತ್ತುಹೋಗುತ್ತೆ. ಇಂಥ ಸಣ್ಣ ಸಣ್ಣ ವಿಷಯಗಳನ್ನು ಆಫೀಸು ಕೊಟ್ಟ ಹಾಳೆಯಲ್ಲಿ ಯಾರೂ ಬರೆದಿರುವುದಿಲ್ಲ.

ಫೇದಿಯಿಂದ ಹೈ ಕ್ಯಾಂಪ್‌ವರೆಗಿನ ಏರು ಇಡೀ ದಿನದಲ್ಲಿ ಅತಿ ಕಡಿದು. ಕತ್ತಲಲ್ಲಿ ಹೆಡ್‌ಲ್ಯಾಂಪ್ ಬೆಳಕಿನಲ್ಲಿ ಅಂಕುಡೊಂಕು ದಾರಿ, ಮೇಲೆ ಎಲ್ಲೋ ಇನ್ನೊಂದು ಗುಂಪಿನ ದೀಪಗಳು, ಅವು ಅಷ್ಟು ಮೇಲಿವೆ ಅಂದರೆ ನಾವೂ ಅಲ್ಲಿಗೆ ಹೋಗಬೇಕಾ ಅಂತ ಹೊಟ್ಟೆ ತೊಳಸುತ್ತೆ. ಗೈಡ್ ಮುಂದೆ, ಭಾಮೈದ ಮಧ್ಯ, ನಾನು ಹಿಂದೆ. ಧಾರೆ ಮಂಟಪಕ್ಕೆ ಮದುಮಗಳು ಬರುವ ಹಾಗೆ ನಡೆಸಿದ ಪುಣ್ಯಾತ್ಮ. ಒಂದು ಹೆಜ್ಜೆ, ಒಂದು ಉಸಿರು. ಸ್ವಲ್ಪ ಜೋರಾದರೆ ಸಾಕು, ಹಿಂದೆ ತಿರುಗದೆಯೇ "ಬಿಸ್ತಾರೈ, ಬಿಸ್ತಾರೈ" ಅನ್ನುತ್ತಿದ್ದ, ಅಂದರೆ ನಿಧಾನ, ನಿಧಾನ. ನಮ್ಮನ್ನು ಹಿಂದೆ ಹಾಕಿ ಹೋದ ಒಂದು ಗುಂಪು ಹೈ ಕ್ಯಾಂಪ್ ಅಂಗಳದಲ್ಲಿ ತಲೆ ಹಿಡಿದುಕೊಂಡು ಕೂತಿತ್ತು, ನಾವು ಚಹಾ ಕುಡಿದು ಮುಂದೆ ಹೊರಟೆವು.

ಹೈ ಕ್ಯಾಂಪ್ ಆದ ಮೇಲೆ ಏರು ಕಡಿಮೆ. ಕಷ್ಟ ಬೇರೆ ರೀತಿ ಬರುತ್ತದೆ. ಮುಂದೆ ಒಂದು ದಿಬ್ಬ ಕಾಣುತ್ತೆ, ಅದೇ ನೆತ್ತಿ ಅಂದುಕೊಂಡು ಮೈಯಲ್ಲಿರುವ ಶಕ್ತಿಯೆಲ್ಲಾ ಹಾಕಿ ಹತ್ತಿದರೆ ಆಚೆ ಇನ್ನೊಂದು ದಿಬ್ಬ. ಅದಾದ ಮೇಲೆ ಮತ್ತೊಂದು. ಇದು ಎಷ್ಟು ಸಲ ಆಗುತ್ತೆ ಅಂತ ಲೆಕ್ಕ ಇಟ್ಟವರು ಯಾರೂ ಇರಲಾರರು. ಮಧ್ಯದಲ್ಲಿ ಒಂದು ಪುಟ್ಟ ಚಹಾ ಅಂಗಡಿ ಬರುತ್ತದೆ, ಅಲ್ಲಿಗೆ ಬರುವಾಗ ಬೆಳಕಾಗಿತ್ತು. ಅಲ್ಲಿ ಭಾಮೈದ ವಾಂತಿ ಮಾಡಿಕೊಂಡ.

ಕುದುರೆಯವನು ಅದನ್ನೇ ಕಾಯುತ್ತಿದ್ದ ಅನ್ನಿಸುತ್ತೆ, ಪಕ್ಕಕ್ಕೇ ಬಂದ. ಸುಸ್ತಾದವರನ್ನು ಕುದುರೆ ಮೇಲೆ ಕೂರಿಸಿ ಮೇಲಕ್ಕೆ ಸಾಗಿಸುವ ವ್ಯವಹಾರ ಅಲ್ಲಿ ಚೆನ್ನಾಗಿ ನಡೆಯುತ್ತದೆ, ರೇಟು ನಿಮ್ಮ ಮುಖ ನೋಡಿ ಏರುತ್ತದೆ. ನಾನಂತೂ ಜೇಬಿಗೆ ಕೈ ಹಾಕಿದ್ದೆ. ಗೈಡ್ ಬೇಡ ಅಂದ. ಎತ್ತರ ತಲೆಗೆ ಏರಿದವನನ್ನು ಕುದುರೆ ಮೇಲೆ ಇನ್ನೂ ಎತ್ತರಕ್ಕೆ ಬೇಗ ಒಯ್ದರೆ ಕಾಯಿಲೆ ಹೆಚ್ಚುತ್ತೆ, ಕಾಲು ನೋವಿಗೆ ಮಾತ್ರ ಕುದುರೆ ಅಂತ ವಿವರಿಸಿದ. ಆಮೇಲೆ ಭಾಮೈದನನ್ನು ನೀರು ಕುಡಿಸಿ ಕೂರಿಸಿ, ಸುಧಾರಿಸಿಕೊಂಡ ಮೇಲೆ ಎಬ್ಬಿಸಿ, ಒಂದು ಪಾದದ ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗಿಸಿ ನೇರ ಗೆರೆಯಲ್ಲಿ ನಡೆಸಿದ. ತೂರಾಡಿದರೆ ಮಿದುಳಿಗೆ ತೊಂದರೆ ಶುರುವಾಗಿದೆ ಅಂತ ಅರ್ಥ, ಆಗ ತಕ್ಷಣ ಕೆಳಗೆ, ಮಾತೇ ಇಲ್ಲ. ತೂರಾಡಲಿಲ್ಲ. ಹೆಸರು, ವಾರ, ಊರು ಕೇಳಿದ. ಉತ್ತರ ಸರಿ ಬಂತು, ಜೊತೆಗೆ ಒಂದು ಬೈಗುಳವೂ ಬಂತು. ಇನ್ನೊಂದು ಅರ್ಧ ಗಂಟೆ ನೋಡೋಣ, ತಲೆನೋವು ಜಾಸ್ತಿಯಾದರೆ ಫೇದಿಗೆ ವಾಪಸ್, ನಾನೂ ಜೊತೆಗೆ ಬರುತ್ತೇನೆ, ಸರ್ ಪೋರ್ಟರ್ ಜೊತೆ ದಾಟಲಿ ಅಂತ ಅಲ್ಲೇ ನಿಂತು ಎರಡೂ ದಾರಿಗೆ ವ್ಯವಸ್ಥೆ ಹೇಳಿದ. ಯಾರಿಗೂ ಹೆದರಿಕೆ ಹುಟ್ಟಿಸಲಿಲ್ಲ. ಹೆಲಿಕಾಪ್ಟರ್ ಮಾತು ಎತ್ತಲೇ ಇಲ್ಲ. ಇದನ್ನು ಯಾಕೆ ಹೇಳುತ್ತೇನೆ ಅಂದರೆ, ಸಣ್ಣ ತಲೆನೋವಿಗೂ ಟ್ರೆಕ್ಕರ್‌ಗಳನ್ನು ಹೆಲಿಕಾಪ್ಟರ್ ಹತ್ತಿಸಿ ಇನ್ಶೂರೆನ್ಸ್ ಕಂಪನಿಗಳಿಂದ ದುಡ್ಡು ವಸೂಲಿ ಮಾಡುವ ದಂಧೆ ನೇಪಾಳದಲ್ಲಿ ದೊಡ್ಡ ಸುದ್ದಿಯಾಗಿ, 2018ರಲ್ಲಿ ಅಲ್ಲಿನ ಸರ್ಕಾರವೇ ತನಿಖೆ ಮಾಡಿಸಿತ್ತು. ಇನ್ಶೂರೆನ್ಸ್ ಮಾತ್ರ ಮಾಡಿಸಿಕೊಂಡೇ ಹೋಗಿ, ಈ ದಾರಿಯ ಎತ್ತರಕ್ಕೆ ಅನ್ವಯಿಸುತ್ತಾ ಅಂತ ಓದಿ ನೋಡಿ.

ಗೈಡ್ ಆಗಾಗ ಹಿಂದೆ ತಿರುಗಿ ಆಕಾಶ ನೋಡುತ್ತಿದ್ದ. ಮೊದಲು ನನಗೆ ಅರ್ಥ ಆಗಲಿಲ್ಲ. 2014ರ ಅಕ್ಟೋಬರ್‌ನಲ್ಲಿ ಇದೇ ದಾರಿಯಲ್ಲಿ ಆಗಿದ್ದು ಗೊತ್ತಾ ಅಂತ ಕೇಳಿದ. ಹುಡ್‌ಹುಡ್ ಚಂಡಮಾರುತ ಅಕ್ಟೋಬರ್ 12ರಂದು ವಿಶಾಖಪಟ್ಟಣಕ್ಕೆ ಬಡಿಯಿತು ಅಂತ ನಮಗೆಲ್ಲಾ ನೆನಪಿದೆ. ಅದರ ಉಳಿಕೆ ಉತ್ತರಕ್ಕೆ ಹೋಗಿ ಎರಡು ದಿನದಲ್ಲಿ ಇಲ್ಲಿ ಹಿಮವಾಗಿ ಸುರಿಯಿತು. ಸೀಸನ್‌ನ ಮಧ್ಯೆ, ಸಾಮಾನ್ಯವಾಗಿ ಆಕಾಶ ತಿಳಿಯಾಗಿರುವ ಸಮಯದಲ್ಲಿ. ಅನ್ನಪೂರ್ಣ, ಧವಳಗಿರಿ ಸುತ್ತಮುತ್ತ 40ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಟ್ರೆಕ್ಕರ್‌ಗಳ ಜೊತೆ ಗೈಡ್‌ಗಳು, ಪೋರ್ಟರ್‌ಗಳು, ಊರಿನವರು ಎಲ್ಲಾ ಇದ್ದರು. ಹಿಂದಿನ ಸಂಜೆ ಲಾಡ್ಜ್‌ನಲ್ಲಿ ನಮ್ಮವನು ಆಚೆ ಕಡೆಯ ಮುಕ್ತಿನಾಥಕ್ಕೆ ಫೋನ್ ಮಾಡಿ ಹವಾ ಕೇಳುತ್ತಿದ್ದುದು ಇದಕ್ಕೇ.

ನೆತ್ತಿ ತಲುಪಿದಾಗ ಒಂಬತ್ತು ದಾಟಿತ್ತು. 5,416 ಅಂತ ಬರೆದ ಬೋರ್ಡು, ಅದು ಕಾಣದಷ್ಟು ಪ್ರಾರ್ಥನಾ ಧ್ವಜಗಳು, ಫೋಟೋಗೆ ಸಾಲು, ಒಂದು ಚಹಾ ಅಂಗಡಿ. ಭಾಮೈದ ಬೋರ್ಡಿನ ಕೆಳಗೆ ಕೂತು ಒಂದು ಬಿಸ್ಕೆಟ್ ತಿಂದ, ಹೊಟ್ಟೆಯಲ್ಲಿ ಉಳಿಯಿತು. ಗಾಳಿ ಅಷ್ಟರಲ್ಲೇ ಶುರುವಾಗಿತ್ತು. ಗೈಡ್ ಹತ್ತು ನಿಮಿಷಕ್ಕಿಂತ ಜಾಸ್ತಿ ನಿಲ್ಲಿಸಲಿಲ್ಲ. ಅಲ್ಲಿ ತುಂಬಾ ಹೊತ್ತು ಕುಣಿದಾಡಿದವರು ಆಮೇಲೆ ಇಳಿಯುವಾಗ ಕಂಗಾಲಾಗಿದ್ದರು.

ಪೋರ್ಟರ್ ಬಗ್ಗೆ ಹೇಳಲೇಬೇಕು. ಇಪ್ಪತ್ತರ ಆಸುಪಾಸಿನ ಹುಡುಗ. ನಮ್ಮಿಬ್ಬರ ಬ್ಯಾಗ್‌ಗಳನ್ನು ಒಂದಾಗಿ ಕಟ್ಟಿ, ನಾಮ್ಲೋ ಪಟ್ಟಿ ಹಣೆಗೆ ಹಾಕಿಕೊಂಡು ನಮಗಿಂತ ತಡವಾಗಿ ಹೊರಟು ನಮಗಿಂತ ಮೊದಲು ನೆತ್ತಿಯಲ್ಲಿದ್ದ. ಪೋರ್ಟರ್‌ಗಳ ಬಟ್ಟೆ, ಇನ್ಶೂರೆನ್ಸ್, ಊಟ ಎಲ್ಲಾ ನಮ್ಮ ಜವಾಬ್ದಾರಿ ಅಂತ ಆಫೀಸಿನಲ್ಲಿ ಟೇಬಲ್ ತಟ್ಟಿ ಹೇಳಿದ್ದರು. ಹುಡುಗನ ಕಾಲಲ್ಲಿ ಇದ್ದಿದ್ದು ತೆಳು ಕ್ಯಾನ್ವಾಸ್ ಶೂ, ಕೈಗೆ ಗ್ಲೌಸ್ ಇಲ್ಲ. ಯಾಕೆ ಅಂದರೆ, ಕೊಡುತ್ತೇವೆ ಅಂದಿದ್ದರು ಅಂತ ನಕ್ಕ. ನನ್ನ ಹತ್ತಿರ ಇದ್ದ ಇನ್ನೊಂದು ಜೊತೆ ಗ್ಲೌಸ್ ಮನಾಂಗ್‌ನಲ್ಲೇ ಅವನ ಕೈಗೆ ಹೋಗಿತ್ತು. ಆದರೆ ಇದು ಗಿರಾಕಿ ಮಾಡಬೇಕಾದ ಕೆಲಸ ಅಲ್ಲ. ಆಫೀಸಿಗೆ ನಾನು ಎರಡು ಸ್ಟಾರ್ ಕೊಡುವುದಕ್ಕೆ ಪ್ಲಾನ್‌ಗಿಂತ ದೊಡ್ಡ ಕಾರಣ ಇದೇ. ನಾವು ಕೊಟ್ಟ 3,000ದಲ್ಲಿ ಆ ಹುಡುಗನ ಕೈಗೆ ಎಷ್ಟು ಹೋಗುತ್ತೆ ಅಂತ ಕೇಳಿದ್ದಕ್ಕೆ ಆಫೀಸಿನವರು ಮಾತು ತಿರುಗಿಸಿದರು.

ಇಳಿಜಾರು. ಜನ ಹತ್ತುವುದರ ಬಗ್ಗೆಯೇ ಹೆದರಿರುತ್ತಾರೆ, ನನ್ನ ಪ್ರಕಾರ ಆವತ್ತಿನ ನಿಜವಾದ ಸಜೆ ಇಳಿಯುವುದು. ಮೊದಲ ಭಾಗದಲ್ಲಿ ತುಳಿದು ತುಳಿದು ಗಾಜಾದ ಹಿಮ, ಅದು ಮುಗಿದ ಮೇಲೆ ಜಾರುವ ಪುಡಿಗಲ್ಲು, ಮಂಡಿ ಪ್ರತಿ ಹೆಜ್ಜೆಗೂ ಲೆಕ್ಕ ಕೇಳುತ್ತೆ. ಶೂ ಮೇಲೆ ಹಾಕಿಕೊಳ್ಳುವ ಮುಳ್ಳಿನ ಚೈನ್, ಮೈಕ್ರೋಸ್ಪೈಕ್ಸ್ ಅಂತಾರಲ್ಲ, ಅದನ್ನು ಇದೇ ಏಜೆನ್ಸಿಯಿಂದ ಬಾಡಿಗೆಗೆ ತಗೊಂಡಿದ್ದೆವು. ನನ್ನ ಎಡಗಾಲಿನದು ಹಿಮದ ಮಧ್ಯೆಯೇ ಕಿತ್ತುಬಂತು. ರಬ್ಬರ್ ಹಳೆಯದಾಗಿ ಬಿರುಕು ಬಿಟ್ಟಿತ್ತು. ಗೈಡ್ ತನ್ನ ಒಂದು ಕಾಲಿನದನ್ನು ಬಿಚ್ಚಿ ನನಗೆ ಹಾಕಿದ, ತಾನು ಒಂದೇ ಕಾಲಿನ ಚೈನಿನಲ್ಲಿ ಇಳಿದ. ವಾಪಸ್ ಕೊಡುವಾಗ ಡೆಪಾಸಿಟ್‌ನಲ್ಲಿ ಹಿಡಿದುಕೊಳ್ಳಲು ನೋಡಿದರು, ಗೈಡ್ ಎದುರಿಗೇ ನಿಂತಿದ್ದರಿಂದ ಬಿಟ್ಟರು. ಬಾಡಿಗೆ ಸಾಮಾನಿಗೆ ಅರ್ಧ ಸ್ಟಾರ್ ಕೂಡ ಜಾಸ್ತಿ. ಮೈಕ್ರೋಸ್ಪೈಕ್ಸ್ ಮತ್ತು ಟ್ರೆಕ್ಕಿಂಗ್ ಪೋಲ್ ಎರಡನ್ನೂ ನಿಮ್ಮದೇ ತಗೊಂಡು ಹೋಗಿ. ಪೋಲ್ ಇಲ್ಲದೆ ಈ ಇಳಿಜಾರು ಬೇಡವೇ ಬೇಡ.

ಕೆಳಗೆ ಇಳಿದ ಹಾಗೆ ಭಾಮೈದನ ಮುಖಕ್ಕೆ ಬಣ್ಣ ಬಂತು. ಎತ್ತರದ ಕಾಯಿಲೆಗೆ ಇಳಿಯುವುದಕ್ಕಿಂತ ದೊಡ್ಡ ಔಷಧಿ ಇಲ್ಲ ಅಂತ ಮನಾಂಗ್‌ನಲ್ಲಿ ಹೇಳಿದ್ದನ್ನು ಕಣ್ಣಾರೆ ನೋಡಿದೆ. ಚರಬು ಅನ್ನುವ ಜಾಗದಲ್ಲಿ ನಾಲ್ಕಾರು ಊಟದ ಅಂಗಡಿಗಳಿವೆ, ಅಲ್ಲಿ ಅವನು ಎರಡು ತಟ್ಟೆ ನೂಡಲ್ಸ್ ಹೊಡೆದ. ಎದುರಿಗೆ ಧವಳಗಿರಿ ಪೂರ್ತಿ ನಿಂತಿತ್ತು, 8,167 ಮೀಟರ್, ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ.

ಮುಕ್ತಿನಾಥ ತಲುಪಿದಾಗ ಮೂರು ಗಂಟೆ ಮೇಲಾಗಿತ್ತು. ಶ್ರೀವೈಷ್ಣವರ 108 ಪವಿತ್ರ ವಿಷ್ಣು ಕ್ಷೇತ್ರಗಳಾದ ದಿವ್ಯದೇಶಗಳಲ್ಲಿ ಒಂದು, ದೇವಸ್ಥಾನದ ಹಿಂದೆ 108 ನೀರಿನ ಧಾರೆಗಳು, ಹತ್ತಿರದಲ್ಲೇ ನೆಲದಿಂದ ಬರುವ ಗ್ಯಾಸಿಗೆ ಉರಿಯುವ ಜ್ವಾಲಾಮಾಯಿ ಗುಡಿಯ ಜ್ವಾಲೆ. ಬೌದ್ಧರಿಗೂ ಪವಿತ್ರ ಜಾಗ, ಪೂಜೆಯ ಜಾಗದಲ್ಲಿ ಬೌದ್ಧ ಸನ್ಯಾಸಿನಿಯರನ್ನೂ ನೋಡಬಹುದು. ಆ ಕಡೆಯಿಂದ ಜೀಪು, ಬಸ್ಸಿನಲ್ಲಿ ಬಂದ ಯಾತ್ರಿಕರಲ್ಲಿ ಕನ್ನಡದವರೂ ಇದ್ದರು, ಉಡುಪಿ ಕಡೆಯ ಒಬ್ಬ ಹಿರಿಯರು ಆ ಚಳಿಯಲ್ಲಿ 108 ಧಾರೆಗೂ ತಲೆ ಕೊಟ್ಟು ಬಂದು, ನೀವು ಎಲ್ಲಿಂದ ಬಂದಿರಿ ಮಾರಾಯ್ರೆ ಅಂದರು. ಬೆಟ್ಟ ತೋರಿಸಿದೆ. ಜೀಪಿಗೆ ಎಷ್ಟು ಆಗುತ್ತಿತ್ತಂತೆ ಅಂತ ಕೇಳಿದರು! ಮಾಧ್ವರ ಮನೆಯಲ್ಲಿ ಪೂಜೆಗೆ ಇಡುವ ಸಾಲಿಗ್ರಾಮಗಳು ಈ ಕೆಳಗಿನ ಕಾಲಿ ಗಂಡಕಿ ನದಿಯವು. ಕೋಟ್ಯಂತರ ವರ್ಷದ ಹಿಂದೆ ಇಲ್ಲಿ ಸಮುದ್ರ ಇದ್ದಾಗಿನ ಪ್ರಾಣಿಗಳ ಪಳೆಯುಳಿಕೆ. ದಾರಿಬದಿಯಲ್ಲಿ ಮಾರುತ್ತಾರೆ, ರೇಟಿನಲ್ಲಿ ಚೌಕಾಸಿ ಇದೆ.

ಈಗ ಬುಕ್ ಮಾಡುವವರಿಗೆ. ಆಫೀಸಿನ ಸೋಫಾ, ವೆಬ್‌ಸೈಟು ನೋಡಬೇಡಿ. ದುಡ್ಡು ಕೊಡುವ ಮೊದಲು ಗೈಡನ್ನು ಕರೆಸಿ ಒಂದು ಚಹಾ ಕುಡಿಯಿರಿ. ಥೊರೊಂಗ್ ಲಾ ಎಷ್ಟು ಸಲ ದಾಟಿದ್ದೀರಿ ಅಂತ ಎಲ್ಲರೂ ಕೇಳುತ್ತಾರೆ. ಎಷ್ಟು ಸಲ ಗಿರಾಕಿಗಳನ್ನು ವಾಪಸ್ ಇಳಿಸಿದ್ದೀರಿ ಅಂತ ಕೇಳಿ, ಒಮ್ಮೆಯೂ ಇಲ್ಲ ಅಂದರೆ ಬೇರೆಯವರನ್ನು ಹುಡುಕಿ. ಪ್ಲಾನ್‌ನಲ್ಲಿ ಒಂದು ಖಾಲಿ ದಿನ ಇರಬೇಕು, ಅದರ ದುಡ್ಡು ಮೊದಲೇ ಮಾತಾಡಿಕೊಳ್ಳಿ, ಆಗ ಬೆಟ್ಟದ ಮೇಲೆ ಯಾರೂ ಫೋನ್ ಮಾಡಿ ಅವಸರ ಮಾಡುವುದಿಲ್ಲ. ಪೋರ್ಟರ್‌ನ ಶೂ ಮತ್ತು ಜಾಕೆಟ್ ಹೊರಡುವ ದಿನವೇ ನೋಡಿ, ಸರಿ ಇಲ್ಲದಿದ್ದರೆ ಜೀಪು ಹತ್ತಬೇಡಿ. ಇದೇ ಏಜೆನ್ಸಿಗೆ ಮತ್ತೆ ಹೋಗುತ್ತೀರಾ ಅಂದರೆ, ಇಲ್ಲ. ಇದೇ ಗೈಡ್ ಜೊತೆ? ನಾಳೆಯೇ. ಅವನ ನಂಬರ್ ಈಗ ನನ್ನ ಫೋನಿನಲ್ಲಿದೆ, ಭಾಮೈದ ಮುಂದಿನ ವರ್ಷ ಮನಾಸ್ಲು ಟ್ರೆಕ್ ಅನ್ನುತ್ತಿದ್ದಾನೆ. ಟಿಪ್ಸ್ ವಿಷಯ ಕೊನೆಗೆ: ಆಫೀಸಿಗೆ ಬಂದ ಮೇಲೆ ಕವರ್‌ನಲ್ಲಿ ಹಾಕಿ ಕೊಡಿ ಅನ್ನುತ್ತಾರೆ. ಹಾಗೆ ಮಾಡಬೇಡಿ, ಮುಕ್ತಿನಾಥದ ಕೆಳಗಿನ ಜೋಮ್ಸೋಮ್ ಊರಿನಲ್ಲೇ, ಅವರವರ ಕೈಗೆ, ಪೋರ್ಟರ್‌ಗೆ ಬೇರೆಯಾಗಿ ಕೊಟ್ಟುಬಿಡಿ.